ಕಲೆ ಹುಣ್ಣಾಗುವಾಗ ಜೀನುಗಳು ಬರೆಯುವ ಚೀಟಿ

ವೇದಿಕೆಯ ಮೇಲಿನ ಹಿರಿಯರೇ, ಎಂಬಿಬಿಎಸ್ ಮಕ್ಕಳೇ, ಆ ಮಕ್ಕಳ ಫೀಸು ಕಟ್ಟಿ ಸೋತು ಕೂತಿರುವ ತಂದೆ ತಾಯಂದಿರೇ,

ಕರಪತ್ರದಲ್ಲಿ ‘ಸೂರ್ಯ ಮತ್ತು ಚರ್ಮದ ಕ್ಯಾನ್ಸರ್’ ಅಂತ ಹಾಕಿದ್ದಾರೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯವರಿಗೆ ಸೂರ್ಯನ ವಿಷಯ ನಾನು ಹೇಳಿಕೊಡಬೇಕೆ? ನಾನು ಒಬ್ಬ ಅಜ್ಜಿಯಿಂದ ಶುರು ಮಾಡ್ತೀನಿ.

ಜಗಳೂರು ಕಡೆಯವರು. ನಾನಾಗ ಪೆಥಾಲಜಿಯಲ್ಲಿ ಪಿಜಿ. ಬಯಾಪ್ಸಿ ಡಬ್ಬಿ, ಅಂದರೆ ಪರೀಕ್ಷೆಗೆ ಕತ್ತರಿಸಿದ ಚೂರಿನ ಡಬ್ಬಿ, ಮಾತ್ರ ಬರಬೇಕಾದ ಕಡೆ, ಡಬ್ಬಿ ಹಿಡಿದುಕೊಂಡು ಅಜ್ಜಿಯೇ ಬಂದುಬಿಟ್ಟಿದ್ದರು. ಮೊಣಕಾಲಿನ ಹಿಂದೆ ಅಂಗೈ ಅಗಲದ ಸುಟ್ಟ ಕಲೆ, ನಡುವೆ ಅಂಚು ದಪ್ಪಗಾದ ಹುಣ್ಣು. ಎಷ್ಟು ದಿನದಿಂದ ಅಜ್ಜಿ ಅಂದೆ. “ಹುಣ್ಣು ಯುಗಾದಿಗೆ ಆತು. ಕಲೆ ಮಾತ್ರ ನನ್ ಮದಿವಿಗಿಂತ ಹಳೇದೈತಿ ಯಪ್ಪಾ.” ಎಂಟು ವರ್ಷದವರಿದ್ದಾಗ ನೀರೊಲೆ ಮುಂದೆ ಲಂಗಕ್ಕೆ ಬೆಂಕಿ ಹತ್ತಿತ್ತಂತೆ. ಗಂಡಿನ ಕಡೆಯವರಿಗೆ ಕಾಣದ ಹಾಗೆ ಅವರಮ್ಮ ಸೀರೆಯನ್ನು ಹಿಮ್ಮಡಿವರೆಗೆ ಇಳಿಬಿಟ್ಟು ಉಡಿಸಿದರಂತೆ. ಮದುವೆಯಾದ ಮೂರನೇ ದಿನಕ್ಕೆ ಗಂಡ ನೋಡಿಬಿಟ್ಟ. ಏನೂ ಅನ್ನದೆ ಅಂಗಿ ಎತ್ತಿ, ಎತ್ತು ತಿವಿದ ತನ್ನ ಬೆನ್ನಿನ ಕಲೆ ತೋರಿಸಿ, “ನಿಂದಕ್ಕಿಂತ ನಂದು ದೊಡ್ಡದು” ಅಂದನಂತೆ! ನಮ್ಮ ಪ್ರೊಫೆಸರು ಮೈಕ್ರೋಸ್ಕೋಪ್ ಬಿಟ್ಟು ಬಂದು ನಿಂತು ಕೇಳಿದರು. ಅವತ್ತಿನ ರಿಪೋರ್ಟೆಲ್ಲಾ ತಡವಾಯಿತು.

ಸ್ಲೈಡಿನಲ್ಲಿ ಇದ್ದದ್ದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಚರ್ಮದ ಮೇಲ್ಪದರದ ಒಂದು ಕ್ಯಾನ್ಸರ್. ಹಳೇ ಕಲೆಯಲ್ಲಿ ಹುಟ್ಟುವ ಇದಕ್ಕೆ ಮಾರ್ಜೋಲಿನ್ ಹುಣ್ಣು ಅಂತ ಹೆಸರು. 1828ರಲ್ಲಿ ಅದನ್ನು ವರ್ಣಿಸಿದ ಆ ಫ್ರೆಂಚ್ ಸರ್ಜನ್‌ಗೆ ಅದು ಕ್ಯಾನ್ಸರ್ ಅಂತಲೇ ಗೊತ್ತಿರಲಿಲ್ಲ. ಸ್ಲೈಡ್ ನನಗೆ ಹೆಸರು ಹೇಳಿತು, ಸರಿ. ಐವತ್ತು ಅರವತ್ತು ವರ್ಷ ಸುಮ್ಮನೆ ಮಲಗಿದ್ದ ಕಲೆ ಆ ಯುಗಾದಿಗೇ ಯಾಕೆ ಎದ್ದಿತು ಅಂತ ಹೇಳಲಿಲ್ಲ.

ನಮ್ಮೂರ ಹೋಟೆಲಿಗೆ ಹೋಗಿ. ಗೋಡೆಯ ಬೋರ್ಡಿನಲ್ಲಿ ನಲವತ್ತು ತಿಂಡಿ ಬರೆದಿರುತ್ತೆ. ಅನುಭವಸ್ಥರು ಬೋರ್ಡ್ ಓದಲ್ಲ, “ಈಗೇನೈತಪ್ಪಾ?” ಅಂತ ಕೇಳ್ತಾರೆ. ಡಿಎನ್‌ಎ ಆ ಬೋರ್ಡು. ಒಳಗೆ ಅಡುಗೆಮನೆಗೆ ಹೋಗುವ ಚೀಟಿ ಆರ್‌ಎನ್‌ಎ. ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳೇ ಸುಮಾರು 20,000. ಚರ್ಮದ ಒಂದು ಚೂರಿನಲ್ಲಿ ಯಾವ ಜೀನಿನ ಚೀಟಿ ಎಷ್ಟು ಹೋಗ್ತಿದೆ ಅಂತ ಈಗ ಎಣಿಸಬಹುದು. ನನ್ನ ತಕರಾರು ಇಷ್ಟೇ, ಇನ್ನೂ ನಾಲ್ಕು ಸಲ ಹೇಳ್ತೀನಿ, ಬೇಜಾರಾಗಬೇಡಿ: ಬೋರ್ಡ್ ಓದಿದ್ದು ಸಾಕು, ಚೀಟಿ ಎಣಿಸಿ.

ಯಾಕೆ ಅಂದರೆ, 2015ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು ನಾಲ್ವರ ಕಣ್ಣುರೆಪ್ಪೆಯ ಚರ್ಮ ಪರೀಕ್ಷಿಸಿದರು. ಆರೋಗ್ಯವಾದ ಚರ್ಮ. ಆದರೂ ಸುಮಾರು ಕಾಲುಭಾಗ ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ಬದಲಾವಣೆ ಆಗಲೇ ಆಗಿತ್ತು. ನಾಚ್ ಜೀನು, ಪಿ53 ಜೀನು, ಕೋಶದ ಬೆಳವಣಿಗೆಯನ್ನು ಹಿಡಿತದಲ್ಲಿಡುವ ನಮ್ಮ ಹಳೇ ಪರಿಚಿತರೇ. ಬೋರ್ಡಿನಲ್ಲಿ ತಪ್ಪು ಬರೆದಿದ್ದರೂ ಹೋಟೆಲು ನಡೀತಾನೇ ಇತ್ತು!

ಬಿಳಿ ಚರ್ಮದವರಲ್ಲಿ ಬಿಸಿಲಿಗೆ ಬರುವ ಕಲೆ ಆಕ್ಟಿನಿಕ್ ಕೆರಟೋಸಿಸ್. ಮುಟ್ಟಿದರೆ ಪಾಲಿಶ್ ಪೇಪರ್ ಥರ ತರಿತರಿ. ಅಂಥ ನೂರು ಕಲೆಯಲ್ಲಿ ವರ್ಷಕ್ಕೆ ಒಂದೂ ಕ್ಯಾನ್ಸರ್ ಆಗಲ್ಲ, ಎಷ್ಟೋ ತಾವೇ ಮಾಯವಾಗ್ತವೆ. ಆದರೆ ಚೀಟಿ ಎಣಿಸಿದವರಿಗೆ ಕಂಡದ್ದೇನು? ಕಲೆಯೂ ಕ್ಯಾನ್ಸರೂ ಬಹುಪಾಲು ಒಂದೇ ಚೀಟಿ ಬರೀತಿವೆ. ಕೆರಾಟಿನ್ ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು, ಅದರಲ್ಲಿ ನಂಬರು ನಂಬರಿನವು ಇವೆ. ಸರಿಯಾದ ಚರ್ಮದಲ್ಲಿ ಕೋಶ ಕೆಳಗಿರುವಾಗ ಕೆರಾಟಿನ್ 5 ಮತ್ತು 14, ಮೇಲೆ ಬಂದಂತೆ 1 ಮತ್ತು 10, ಕೊನೆಗೆ ಹೊರಪದರದ ಪ್ರೋಟೀನುಗಳಾದ ಲೋರಿಕ್ರಿನ್, ಫಿಲಾಗ್ರಿನ್. ಕಲೆಯಲ್ಲಿ ಈ ಕ್ರಮ ಕೆಡುತ್ತೆ. ಕೆರಾಟಿನ್ 6, 16, 17ರ ಚೀಟಿ ರಾಶಿ ಬೀಳುತ್ತೆ. ಇವು ಮಾಮೂಲಾಗಿ ಏಳುವುದು ಯಾವಾಗ? ಗಾಯವಾದಾಗ! ಗೆಡ್ಡೆ ಅಂದರೆ ವಾಸಿಯಾಗದ ಗಾಯ ಅಂತ ಅಮೆರಿಕದ ಪೆಥಾಲಜಿಸ್ಟ್ ಹೆರಾಲ್ಡ್ ಡ್ವೋರಾಕ್ 1986ರಲ್ಲೇ ಬರೆದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ಮೊಣಕಾಲು.

ಇನ್ನು ಕತ್ತರಿಗಳು, ಕೋಶಗಳ ಸುತ್ತಲಿನ ನಾರನ್ನು ಕತ್ತರಿಸುವ ಕಿಣ್ವಗಳು, ಮ್ಯಾಟ್ರಿಕ್ಸ್ ಮೆಟಲೋಪ್ರೋಟೀನೇಸ್. ಪರೀಕ್ಷೆಯಲ್ಲಿ ಎಂಎಂಪಿ ಅಂತ ಬರೆದರೆ ಸಾಕು, ಮಾರ್ಕ್ಸ್ ಕೊಡ್ತೀವಿ. ಗಾಯ ಮುಚ್ಚುವಾಗ ಅಂಚಿನ ಕೋಶಗಳು ಎಂಎಂಪಿ-1 ಅನ್ನುವ ಕತ್ತರಿ ಹಿಡಿದು ಕೊಲಾಜನ್ ನಾರನ್ನು ಕತ್ತರಿಸುತ್ತಾ ಮುಂದೆ ಸರೀತವೆ. ಎರಡು ಅಂಚು ಕೂಡಿದರೆ ಚೀಟಿ ನಿಲ್ಲುತ್ತೆ. ಕ್ಯಾನ್ಸರಿನಲ್ಲಿ ನಿಲ್ಲಲ್ಲ. ತಳಪೊರೆ ಹರಿದು ಕೋಶಗಳು ಕೆಳಗಿಳಿಯುವ ಅಂಚಿನಲ್ಲೇ ಈ ಚೀಟಿಗಳ ಜಾತ್ರೆ.

ಈಗ ನನ್ನ ಹೊಟ್ಟೆಯುರಿ. ಇಲ್ಲಿಯವರೆಗಿನ ಎಣಿಕೆಯಲ್ಲಿ ಹೆಚ್ಚಿನದು ಬಿಳಿ ಚರ್ಮದ, ಬಿಸಿಲಿನ ಕಲೆಯದು. ನಮ್ಮವರದು ಬೆಂಕಿಯ ಕಲೆ, ಒಣಗದ ಹುಣ್ಣು. ಕಾಶ್ಮೀರದಲ್ಲಿ ಚಳಿಗೆ ಹೊಟ್ಟೆಗೆ ಒತ್ತಿಕೊಳ್ಳುವ ಕಾಂಗ್ಡಿ ಅನ್ನುವ ಮಡಕೆಯ ಕೆಂಡ. ಮಂಡಕ್ಕಿ ಭಟ್ಟಿ ಮುಂದೆ ಮೂವತ್ತು ವರ್ಷ ನಿಂತವರ ಮುಂಗಾಲನ್ನು ನಾವು ಯಾರಾದರೂ ಬಗ್ಗಿ ನೋಡಿದ್ದೀವಾ? ಅವರ ಮಂಡಕ್ಕಿ ಮಾತ್ರ ದಿನಾ ತಿಂತೀವಿ, ಮಿರ್ಚಿ ಜೊತೆ.

ಎಣಿಸೋದಕ್ಕೆ ಸಾಮಾನು ಬೇಕಲ್ಲ, ಅದು ನಮ್ಮ ಬೀರುಗಳಲ್ಲೇ ಇದೆ, ಹಳೇ ಬಯಾಪ್ಸಿ ಚೂರುಗಳು. ಫಾರ್ಮಲಿನ್‌ನಲ್ಲಿ ನೆನೆದು ಮೇಣದ ಬ್ಲಾಕಿನಲ್ಲಿ ಕೂತ ಆರ್‌ಎನ್‌ಎ ಚೂರುಚೂರಾಗಿರುತ್ತೆ, ಆದರೂ ಇವತ್ತು ಓದಬಹುದು. ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಸುಣ್ಣ ಹೊಡೆಸುವಾಗ ಬೀರು ಖಾಲಿ ಮಾಡಿಸಿದರು. ಹದಿನೈದು ವರ್ಷದ ಬ್ಲಾಕುಗಳು ಚೀಲ ತುಂಬಿ ತಾರಸಿಗೆ ಹೋದವು. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಬಿಸಿಲಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು, ನಂಬರು ಓದಕ್ಕಾಗಲಿಲ್ಲ. ಅಜ್ಜಿಯದೂ ಅದರಲ್ಲೇ ಇತ್ತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, “ಐದು ನಿಮಿಷ” ಅಂತ. ನೋಡಿ, ಇದೂ ಆರ್‌ಎನ್‌ಎಯೇ! ಬೇಗ ಬೇಗ ಹೇಳಿಬಿಡ್ತೀನಿ. ಆರ್ಸೆನಿಕ್: ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಈ ವಿಷ ಸಿಕ್ಕ ಕಥೆ ನಿಮಗೆ ಗೊತ್ತು, ಅಂಗೈ ಅಂಗಾಲಿನ ಗಂಟು ಕಂಡರೆ ಯಾವ ನೀರು ಕುಡೀತೀರಿ ಅಂತ ಕೇಳಿ. ಲಂಗದ ಲಾಡಿ: ಬಿಗಿದು ಕಟ್ಟಿ ಸೊಂಟದಲ್ಲಿ ಹುಣ್ಣಾಗಿ ಕ್ಯಾನ್ಸರಿಗೆ ತಿರುಗಿದ ಇಬ್ಬರು ಹೆಂಗಸರ ವರದಿ 2024ರಲ್ಲಿ ಬಂತು, ಲಾಡಿ ಸಡಿಲ ಮಾಡಿ ತಾಯಂದಿರೇ. ಬಿಸಿಲಿನ ಕಲೆ ಕಲೆಯ ಹಂತದಲ್ಲೇ ಸಿಕ್ಕರೆ ದ್ರವ ಸಾರಜನಕ, ಫ್ಲೋರೋಯುರಾಸಿಲ್ ಮುಲಾಮು. ಆ ಸ್ಲೈಡು ತೋರಿಸಲ್ಲ ಬಿಡಿ. ಹಳೇ ಕಲೆಯಲ್ಲಿ ಹೊಸ ಹುಣ್ಣು ತಿಂಗಳಾದರೂ ಮಾಯದಿದ್ದರೆ ಅಂಚಿನಿಂದ ಬಯಾಪ್ಸಿ ತೆಗೀರಿ, ನಡುವಿನಿಂದಲ್ಲ. ತೆಗೆದ ಮೇಲೆ ಬ್ಲಾಕ್ ಯಾವ ಬೀರಿಗೆ ಹೋಯಿತು, ಬೀಗದ ಕೈ ಯಾರ ಹತ್ತಿರ ಇದೆ, ಬರೆದಿಟ್ಟುಕೊಳ್ಳಿ.

ಕೊನೇ ಸಾಲಿನಲ್ಲಿ ಆ ಹುಡುಗಿ ಆಗಿನಿಂದ ಕೈ ಎತ್ತಿಕೊಂಡೇ ಇದ್ದಾಳೆ. ಕೇಳಮ್ಮಾ. ಮೈಕ್ ಕೊಡ್ರಪ್ಪಾ ಯಾರಾದರೂ.