ಹ್ಯಾಂಬರ್ಗ್‌ನಲ್ಲೊಂದು ವೀರಗಲ್ಲು

ನಮಸ್ಕಾರ ಎಲ್ಲರಿಗೂ. ಇವತ್ತು ನವೆಂಬರ್ 8. ಹ್ಯಾಂಬರ್ಗ್‌ನಲ್ಲಿ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ಸಣ್ಣಗೆ ಮಳೆ ಜಿನುಗುತ್ತಿದೆ. ನಾಲ್ಕೂವರೆಗೆಲ್ಲ ಇಲ್ಲಿ ಸೂರ್ಯ ಮುಳುಗಿಬಿಡುತ್ತಾನೆ. ಹಾಗಾಗಿ ಸ್ವಲ್ಪ ಜೋರಾಗಿಯೇ ನಡೆಯುತ್ತಿದ್ದೇನೆ, ಕ್ಯಾಮೆರಾ ಅಲ್ಲಾಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ನಾನು ಇಳಿದದ್ದು ಲೋಮ್ಯೂಲೆನ್‌ಸ್ಟ್ರಾಸೆ ಮೆಟ್ರೋ ನಿಲ್ದಾಣದಲ್ಲಿ. ಇಲ್ಲೇ ಪಕ್ಕದಲ್ಲಿ ಸಂತ ಗಿಯೋರ್ಗ್ ಆಸ್ಪತ್ರೆ ಇದೆ. ತುಂಬಾ ಹಳೆಯ ಆಸ್ಪತ್ರೆ. ಅದರ ಆವರಣದಲ್ಲಿ ಒಂದು ಕಲ್ಲು ನಿಂತಿದೆ. ಅದನ್ನು ನೋಡೋಕೆ ಬಂದಿದ್ದೇನೆ. ಈ ಊರಿಗೆ ಬಂದು ನಾಲ್ಕು ವರ್ಷ ಆಯಿತು. ಈ ಕಲ್ಲಿನ ವಿಷಯ ನನಗೆ ಗೊತ್ತಾದದ್ದು ಹೋದ ತಿಂಗಳು. ಗೊತ್ತಾದ ದಿನವೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವತ್ತಾದ್ರೂ ಹೋದ್ರೆ ನನಗೂ ತೋರ್ಸು ಪುಟ್ಟಿ" ಅಂದರು. ಅದಕ್ಕೇ ಇವತ್ತು, ಈ ದಿನವೇ ಬಂದೆ.

ಯಾಕೆ ಈ ದಿನ ಅಂದರೆ, 1895ರ ನವೆಂಬರ್ 8ರಂದೇ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ವಿಜ್ಞಾನಿ ರಾಂಟ್ಜನ್ ಅವರ ಕಣ್ಣಿಗೆ ಎಕ್ಸ್‌ರೇ ಬಿದ್ದದ್ದು. ಈಗ ಪ್ರಪಂಚದ ತುಂಬ ಎಕ್ಸ್‌ರೇ ತೆಗೆಯುವವರ ದಿನ ಅಂತ ಇದನ್ನು ಆಚರಿಸುತ್ತಾರೆ. ನನ್ನ ಅಪ್ಪನೂ ಅವರಲ್ಲಿ ಒಬ್ಬರು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದರು.

ಬಂತು ನೋಡಿ. ಇದೇ.

ತುಂಬಾ ದೊಡ್ಡ ಸ್ಮಾರಕ ಏನಲ್ಲ. ಕಲ್ಲಿನ ತುಂಬ ಹೆಸರುಗಳಿವೆ. 1936ರ ಏಪ್ರಿಲ್ 4ರಂದು ಜರ್ಮನಿಯ ರಾಂಟ್ಜನ್ ಸೊಸೈಟಿಯವರು ಇದನ್ನು ನಿಲ್ಲಿಸಿದರು. ಆಗ ಇದ್ದದ್ದು 15 ದೇಶಗಳ 169 ಹೆಸರು. ಎಲ್ಲರೂ ಎಕ್ಸ್‌ರೇ ಅಥವಾ ತಾನಾಗಿಯೇ ಕಿರಣ ಸೂಸುವ ರೇಡಿಯಂ ಅನ್ನುವ ಲೋಹದ ಜೊತೆ ಕೆಲಸ ಮಾಡಿ, ಅದರಿಂದಲೇ ಪ್ರಾಣ ಬಿಟ್ಟವರು. 1936ರ ಜರ್ಮನಿ ಹೇಗಿತ್ತು ಅಂತ ನಮಗೆಲ್ಲ ಗೊತ್ತಿದೆ. ಅಂಥ ಕಾಲದಲ್ಲೂ ಈ ಕಲ್ಲಿನ ಮೇಲೆ "ಎಲ್ಲ ದೇಶಗಳ" ಅನ್ನುವ ಮಾತು ಕೆತ್ತಿದ್ದಾರೆ. ಆ ಮಾತಿನ ಮುಂದೆ ಒಂದು ನಿಮಿಷ ನಿಂತುಕೊಂಡೆ.

ಇನ್ನೊಂದು ಸಾಲು ನನಗೆ ತುಂಬಾ ಹಿಡಿಸಿತು. ಇದು ಯಾರಿಗಾಗಿ ನಿಲ್ಲಿಸಿದ ಕಲ್ಲು ಅಂತ ಹೇಳುವಾಗ ಡಾಕ್ಟರುಗಳು ಅಂತ ಬರೆದು ಬಿಟ್ಟಿಲ್ಲ. ಭೌತವಿಜ್ಞಾನಿಗಳು, ರಸಾಯನ ವಿಜ್ಞಾನಿಗಳು, ಟೆಕ್ನಿಷಿಯನ್‌ಗಳು, ಲ್ಯಾಬ್‌ನವರು, ನರ್ಸ್‌ಗಳು ಅಂತ ಒಬ್ಬೊಬ್ಬರನ್ನೂ ಹೆಸರಿಸಿದ್ದಾರೆ. ಟೆಕ್ನಿಷಿಯನ್‌ಗಳು. ಆ ಪದವನ್ನು ಬೆರಳಿಂದ ಮುಟ್ಟಿ ನೋಡಿದೆ. ಕಲ್ಲು ತಣ್ಣಗಿತ್ತು.

ಇವರೆಲ್ಲ ಹೇಗೆ ಸತ್ತರು ಅಂತ ಸ್ವಲ್ಪ ಹೇಳಬೇಕು.

ರಾಂಟ್ಜನ್ ತೆಗೆದ ಹೆಸರಾಂತ ಎಕ್ಸ್‌ರೇ ಚಿತ್ರ ಒಂದು ಕೈಯದ್ದು. ಅವರ ಹೆಂಡತಿಯ ಕೈ. ಮೂಳೆ ಕಾಣುತ್ತದೆ, ಬೆರಳಲ್ಲಿ ಉಂಗುರ ಕಾಣುತ್ತದೆ. ಅದನ್ನು ಶಾಲೆಯ ಪುಸ್ತಕದಲ್ಲಿ ನೀವೂ ನೋಡಿರುತ್ತೀರಿ. ಅದಾದ ಮೇಲೆ ಎಲ್ಲ ಕಡೆ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಟ್ಯೂಬುಗಳು ಬಂದವು. ಆಗಿನ ಟ್ಯೂಬುಗಳು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಕಿರಣ ಇವತ್ತು ಎಷ್ಟು ಜೋರಾಗಿದೆ ಅಂತ ಮೊದಲು ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಅವರು ಏನು ಮಾಡುತ್ತಿದ್ದರು ಗೊತ್ತಾ? ತಮ್ಮದೇ ಕೈಯನ್ನು ಟ್ಯೂಬಿನ ಮುಂದೆ ಹಿಡಿದು ಪರದೆಯ ಮೇಲೆ ನೋಡುತ್ತಿದ್ದರು. ಮೂಳೆ ಚೆನ್ನಾಗಿ ಕಂಡರೆ ಟ್ಯೂಬ್ ಸರಿ ಇದೆ ಅಂತ ಲೆಕ್ಕ. ದಿನಾ ಅದೇ. ವರ್ಷಗಟ್ಟಲೆ ಅದೇ. ನಮ್ಮ ಕಡೆ ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುತ್ತಾರಲ್ಲ, ಅಷ್ಟು ಸಹಜವಾಗಿ.

ಮೊದಲು ಚರ್ಮ ಕೆಂಪಾಗುತ್ತಿತ್ತು. ಆಮೇಲೆ ಒರಟಾಗಿ ಬಿರುಕು ಬಿಡುತ್ತಿತ್ತು. ಆಮೇಲೆ ವಾಸಿಯಾಗದ ಹುಣ್ಣು, ಕ್ಯಾನ್ಸರ್. ಬೆರಳು ತೆಗೆಯುತ್ತಿದ್ದರು, ಆಮೇಲೆ ಕೈ, ಆಮೇಲೆ ತೋಳು. ಅಮೆರಿಕದಲ್ಲಿ ಎಡಿಸನ್ ಅವರ ಹತ್ತಿರ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಎರಡೂ ತೋಳು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ ನಲವತ್ತು ಆಗಿರಲಿಲ್ಲ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಕೈಬಿಟ್ಟರು.

ಮತ್ತೆ ಇದೇ ಆಸ್ಪತ್ರೆಯಲ್ಲಿ, ನಾನು ಈಗ ನಿಂತಿರುವ ಇದೇ ಆವರಣದಲ್ಲಿ, ಹೈನ್ರಿಚ್ ಆಲ್ಬರ್ಸ್-ಶ್ಯೋನ್‌ಬೆರ್ಗ್ ಅನ್ನುವ ಡಾಕ್ಟರ್ ಇದ್ದರು. ಎಕ್ಸ್‌ರೇ ಬಿದ್ದರೆ ಮೊಲಗಳಿಗೆ ಮರಿ ಹುಟ್ಟಿಸುವ ಶಕ್ತಿ ಹೋಗುತ್ತದೆ ಅಂತ 1903ರಲ್ಲಿ ತೋರಿಸಿಕೊಟ್ಟವರು ಅವರು. ಈ ಕಿರಣ ಕಣ್ಣಿಗೆ ಕಾಣದೆ ಒಳಗೆ ಏನೋ ಮಾಡುತ್ತದೆ, ಅಡ್ಡ ಮರೆ ಇಲ್ಲದೆ ಕೆಲಸ ಮಾಡಬೇಡಿ ಅಂತ ಉಳಿದವರಿಗೆ ಹೇಳಿದವರು. ಆದರೆ ಅವರಿಗೆ ಅದು ಗೊತ್ತಾಗುವ ಹೊತ್ತಿಗೆ ಅವರ ಮೈಗೆ ಬೇಕಾದಷ್ಟು ಬಿದ್ದಾಗಿತ್ತು. ಒಂದು ತೋಳನ್ನೇ ಕತ್ತರಿಸಬೇಕಾಯಿತು. 1921ರಲ್ಲಿ ಹೋಗಿಬಿಟ್ಟರು. ಅವರ ಹೆಸರು ಈ ಕಲ್ಲಿನ ಮೇಲಿದೆ. ಮೇರಿ ಕ್ಯೂರಿ ಅವರ ಹೆಸರೂ ಇದೆ.

ಇದನ್ನು ನೋಡುತ್ತಾ ನನಗೆ ನಮ್ಮ ಊರಿನ ವೀರಗಲ್ಲು ನೆನಪಾಯಿತು. ನಮ್ಮ ಹೊಲದ ಬದುವಿನ ಹತ್ತಿರ ಒಂದಿದೆ, ಅರ್ಧ ಮಣ್ಣಲ್ಲಿ ಹೂತಿದೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಊರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಸತ್ತವನ ಕಲ್ಲು ಅದು ಅಂತ ಅಪ್ಪ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಒಂದು ಸಲ ಕೇಳಿದ್ದೆ, "ಅಪ್ಪ, ಹಸು ವಾಪಸ್ ತಂದು ಬದುಕಿ ಬಂದೋನಿಗೆ ಕಲ್ಲು ಎಲ್ಲಿದೆ?" ಅಂತ. ಅಪ್ಪ ನಕ್ಕು, "ಅವನಿಗ್ಯಾಕೆ ಕಲ್ಲು? ಅವನು ಸಂಜೆ ಹಾಲು ಕರೆಯೋಕೆ ಹೋದ" ಅಂದಿದ್ದರು.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಆ ಹಾಲು ಕರೆಯೋಕೆ ಹೋದವರ ವಿಷಯ.

1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ, ಎಕ್ಸ್‌ರೇ ಮತ್ತು ರೇಡಿಯಂನಿಂದ ಜನರನ್ನು ಹೇಗೆ ಕಾಪಾಡಬೇಕು ಅಂತ ಒಂದು ಸಮಿತಿ ಮಾಡಿಕೊಂಡರು. ಸ್ವೀಡನ್ನಿನ ರೋಲ್ಫ್ ಸೀವರ್ಟ್ ಅವರು ಅದರಲ್ಲಿದ್ದರು. ಇವತ್ತು ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಅಳತೆಗೇ ಸೀವರ್ಟ್ ಅಂತ ಹೆಸರು. ಅದರ ಸಾವಿರದಲ್ಲಿ ಒಂದು ಪಾಲು ಮಿಲಿಸೀವರ್ಟ್. ವಿಕಿರಣ ರಕ್ಷಣೆಯ ಕೆಲಸ ಮಾಡುವವರ ಅಂತರರಾಷ್ಟ್ರೀಯ ಸಂಘ ಅವರ ಹೆಸರಲ್ಲೇ ಒಂದು ಪ್ರಶಸ್ತಿಯನ್ನು ಕೊಡುತ್ತದೆ. 1973ರಲ್ಲಿ ಮೊದಲ ಸಲ ಅದು ಸ್ವೀಡನ್ನಿನವರೇ ಆದ ಬೋ ಲಿಂಡೆಲ್ ಅವರಿಗೆ ಸಂದಿತು. ಇಂಥ ದೊಡ್ಡವರಿಗೆ ಗೌರವ ಸಿಕ್ಕಿದ್ದು ನನಗೆ ನಿಜಕ್ಕೂ ಖುಷಿ. ಅವರು ಹಾಕಿಕೊಟ್ಟ ಲೆಕ್ಕದಿಂದಲೇ ನನ್ನ ಅಪ್ಪ ಎರಡೂ ಕೈ ಗಟ್ಟಿ ಇಟ್ಟುಕೊಂಡು ರಿಟೈರ್ ಆದರು.

ಅಪ್ಪನ ಷರ್ಟಿನ ಮೇಲೆ, ಎದೆಯ ಹತ್ತಿರ, ಒಂದು ಬ್ಯಾಡ್ಜ್ ಇರುತ್ತಿತ್ತು. ಟಿಎಲ್‌ಡಿ ಬ್ಯಾಡ್ಜ್ ಅನ್ನುತ್ತಾರೆ. ಒಳಗೆ ಮೂರು ಪುಟಾಣಿ ಬಿಲ್ಲೆಗಳು. ವಿಕಿರಣ ಬಿದ್ದರೆ ಆ ಬಿಲ್ಲೆಗಳು ಅದನ್ನು ಒಳಗೇ ಇಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಬ್ಯಾಡ್ಜ್ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಬಿಲ್ಲೆಯನ್ನು ಬಿಸಿ ಮಾಡುತ್ತಾರೆ. ಬಿಸಿಯಾದಾಗ ಅದು ಬೆಳಕು ಕೊಡುತ್ತದೆ. ಬೆಳಕು ಜಾಸ್ತಿ ಬಂದರೆ ಆ ಮನುಷ್ಯನಿಗೆ ಜಾಸ್ತಿ ವಿಕಿರಣ ಬಿದ್ದಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ಈ ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮಿಲಿಸೀವರ್ಟ್ ಮೀರಬಾರದು. ಅಪ್ಪನ ರಿಪೋರ್ಟಿನಲ್ಲಿ ಹೆಚ್ಚಿನ ಸಲ ಬರುತ್ತಿದ್ದದ್ದು ಸೊನ್ನೆ. ಅದು ಬಂದ ದಿನ ಅಪ್ಪ ಮನೆಗೆ ಬಂದು ಅಮ್ಮನಿಗೆ, "ಈ ಸಲವೂ ಸೊನ್ನೆ" ಅನ್ನುತ್ತಿದ್ದರು. ನಾನು ಲೆಕ್ಕದಲ್ಲಿ ಸೊನ್ನೆ ತಂದರೆ ಬೈಯುವವರು ಇದಕ್ಕೆ ಯಾಕೆ ಇಷ್ಟು ಖುಷಿ ಪಡುತ್ತಾರೆ ಅಂತ ನನಗೆ ಅರ್ಥ ಆಗುತ್ತಿರಲಿಲ್ಲ.

ಆ ಸೊನ್ನೆ ಸುಮ್ನೆ ಬರುವುದಿಲ್ಲ. ಕಿರಣ ತಡೆಯೋಕೆ ಹಾಕಿಕೊಳ್ಳುವ ಸೀಸದ ಏಪ್ರನ್ ಇರುತ್ತದಲ್ಲ, ಅದನ್ನು ಯಾರಾದರೂ ಮಡಚಿ ಇಟ್ಟರೆ ಅಪ್ಪ ಸಿಡುಕುತ್ತಿದ್ದರು. ಹ್ಯಾಂಗರಿಗೇ ಹಾಕಬೇಕು. ಮಡಚಿದರೆ ಮಡಿಕೆಯ ಜಾಗದಲ್ಲಿ ಒಳಗಿನ ಸೀಸ ಬಿರುಕು ಬಿಡುತ್ತದೆ, ಹೊರಗಿಂದ ಕಾಣುವುದಿಲ್ಲ. ಅಮ್ಮ ರೇಷ್ಮೆ ಸೀರೆಯ ಮಡಿಕೆ ಬದಲಾಯಿಸಿ ಇಡುವುದು ಇದಕ್ಕೇ ಅಲ್ವಾ? ಜರಿ ಮುರಿಯಬಾರದು ಅಂತ. "ಸೀರೆ ಹರಿದರೆ ದುಡ್ಡು ಹೋಯ್ತು, ಇದು ಹರಿದರೆ ಮನುಷ್ಯ ಹೋದ" ಅಂತ ಅಪ್ಪ ಅಲ್ಲಿಯ ಹುಡುಗರಿಗೆ ಹೇಳುತ್ತಿದ್ದರು.

ಮಗುವಿನ ಎಕ್ಸ್‌ರೇ ತೆಗೆಯಬೇಕು ಅಂದರೆ ಜೊತೆಗೆ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಒಳಗೆ ನುಗ್ಗುತ್ತಿದ್ದರು. ಅಪ್ಪ ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬರಿಗೆ ಮಾತ್ರ ಏಪ್ರನ್ ಹಾಕಿಸಿ ಮಗುವನ್ನು ಹಿಡಿಸುತ್ತಿದ್ದರು. ಆ ಒಬ್ಬರು ತಾಯಿಯಾದರೆ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಗಂಡಸು ಬಾಯಿಬಿಟ್ಟು ಕೇಳಿದರೆ ಹೆಣ್ಣುಮಕ್ಕಳು ನಾಚಿಕೊಂಡು ಇಲ್ಲ ಅಂದುಬಿಡುತ್ತಾರೆ ಅಂತ ಅಪ್ಪನಿಗೆ ಗೊತ್ತಿತ್ತು. ನರ್ಸನ್ನು ಕರೆದು, "ಸಿಸ್ಟರ್, ಒಂದು ಮಾತು ಕೇಳಿಬಿಡಿ" ಅನ್ನುತ್ತಿದ್ದರು. ಅಷ್ಟೇ. ಆ ಒಂದು ಮಾತಿನಿಂದ ಎಷ್ಟು ಹೊಟ್ಟೆಯೊಳಗಿನ ಮಕ್ಕಳು ಪಾರಾದವೋ, ಅದಕ್ಕೆ ಲೆಕ್ಕ ಇಟ್ಟವರಿಲ್ಲ.

ಹೆದರಿದವರಿಗೆ ಸಮಾಧಾನವನ್ನೂ ಹೇಳುತ್ತಿದ್ದರು. ಮಣ್ಣು, ಬಂಡೆ, ಆಕಾಶ, ತಿನ್ನುವ ಅನ್ನ, ಎಲ್ಲದರಿಂದಲೂ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತದೆ. ಎದೆಯ ಒಂದು ಎಕ್ಸ್‌ರೇ ಅದರಲ್ಲಿ ಕೆಲವು ದಿನಗಳ ಪಾಲು ಮಾತ್ರ. ಬೇಕಾದಾಗ ತೆಗೆಸಿಕೊಳ್ಳಿ, ಬೇಡದಾಗ ಹಟ ಮಾಡಬೇಡಿ ಅನ್ನುತ್ತಿದ್ದರು.

ಒಂದು ಕಾಲದಲ್ಲಿ ಅಪ್ಪ ಸಂಜೆ ಹೊತ್ತು ಒಂದು ಖಾಸಗಿ ನರ್ಸಿಂಗ್ ಹೋಮ್‌ಗೂ ಹೋಗುತ್ತಿದ್ದರು. ಹೆಸರು ಬೇಡ. ಅಲ್ಲಿ ಬ್ಯಾಡ್ಜುಗಳು ಡ್ರಾಯರ್‌ನಲ್ಲಿ ಬಿದ್ದಿರುತ್ತಿದ್ದವು. ಎಕ್ಸ್‌ರೇ ರೂಮಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದರ ಎದುರಿಗೇ ರೋಗಿಗಳ ಬೆಂಚು. ಅಪ್ಪ ಮೂರು ಸಲ ಹೇಳಿದರು. "ಏನೂ ಆಗಲ್ಲ ಬಿಡಿ" ಅನ್ನುವ ಉತ್ತರ ಬಂತು. ನಾಲ್ಕನೇ ಸಲ ಹೇಳೋಕೆ ಹೋಗಲಿಲ್ಲ, ಆ ಕೆಲಸವನ್ನೇ ಬಿಟ್ಟರು. ಆ ವರ್ಷ ನಮಗೆ ದುಡ್ಡಿನ ತೊಂದರೆ ಇತ್ತು. ನನ್ನ ಕಾಲೇಜಿನ ಫೀಸು ಕಟ್ಟೋಕೆ ಅಮ್ಮ ಬಳೆ ಅಡವಿಟ್ಟರು. ಆಗ ನನಗೆ ಅಪ್ಪನ ಮೇಲೆ ಕೋಪ ಬಂದಿತ್ತು. ಇವತ್ತು ಈ ಕಲ್ಲಿನ ಮುಂದೆ ನಿಂತು ಹೇಳುತ್ತೇನೆ, ಅಪ್ಪ ಮಾಡಿದ್ದೇ ಸರಿ.

"ಏನೂ ಆಗಲ್ಲ" ಅನ್ನುವ ಮಾತು ಎಲ್ಲಿಗೆ ಒಯ್ಯುತ್ತದೆ ಅಂತ 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ನೋಡಿತು. ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಯಂತ್ರವನ್ನು ಗುಜರಿಗೆ ಹಾಕಿದರು. ಅದರೊಳಗೆ ಜೋರಾಗಿ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಗುಜರಿ ಅಂಗಡಿಯವರು ಅದನ್ನು ಒಡೆದರು. ಒಬ್ಬರಂತೂ ಹೊಳೆಯುವ ಚೂರನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದರು. ಕೈ ಕಪ್ಪಾಯಿತು, ಕೂದಲು ಉದುರಿತು. ಒಬ್ಬ ಕೆಲಸಗಾರ ಸತ್ತರು, ಏಳು ಜನ ಹಾಸಿಗೆ ಹಿಡಿದರು. ಮತ್ತೆ ಆ ಕೈಗಳೇ ನೋಡಿ. ಹ್ಯಾಂಬರ್ಗ್‌ನ ಈ ಕಲ್ಲು ನಿಂತು ಎಪ್ಪತ್ತು ವರ್ಷ ದಾಟಿದ ಮೇಲೆ.

ಆಗ ಮುಂಬೈನ ಅಣುಶಕ್ತಿ ಕೇಂದ್ರದಿಂದ, ಅಣುಶಕ್ತಿ ನಿಯಂತ್ರಣ ಮಂಡಳಿಯಿಂದ, ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರದಿಂದ ಜನ ಬಂದರು. ಎಲ್ಲರೂ ಓಡಿ ಹೊರಬರಬೇಕಾದ ಜಾಗಕ್ಕೆ ಅವರು ಮೀಟರ್ ಹಿಡಿದು ಒಳಗೆ ಹೋದರು. ಗುಜರಿ ರಾಶಿಯಲ್ಲಿ ಒಂದೊಂದೇ ತುಂಡು ಹುಡುಕಿ, ದೂರದಿಂದ ಎತ್ತಿ, ಸೀಸದ ಡಬ್ಬಕ್ಕೆ ಹಾಕಿದರು. ಈ ಕೆಲಸದಲ್ಲಿ ಕಾಪಾಡುವುದು ಮೂರೇ ವಿಷಯ. ಬೇಗ ಮುಗಿಸು, ದೂರ ನಿಲ್ಲು, ಅಡ್ಡ ಮರೆ ಇಟ್ಟುಕೋ. ಒಂದು ಮೀಟರಿನಿಂದ ಎರಡು ಮೀಟರಿಗೆ ಹಿಂದೆ ಸರಿದರೆ ಬೀಳುವುದು ಕಾಲು ಭಾಗ. ಅದಕ್ಕಾಗಿ ಪ್ರತಿ ಹೆಜ್ಜೆಯನ್ನೂ, ಪ್ರತಿ ಸೆಕೆಂಡನ್ನೂ ಲೆಕ್ಕ ಹಾಕಿ ಇಡುತ್ತಾರೆ. ಕೆಲಸ ಮುಗಿಸಿ ಮನೆಗೆ ಹೋದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಪ್ಪನ ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾತಾಡಿದವರೆಲ್ಲ ಅಪ್ಪ ಎಷ್ಟು ಸಾವಿರ ಎಕ್ಸ್‌ರೇ ತೆಗೆದಿರಬಹುದು ಅಂತ ಪ್ರೀತಿಯಿಂದ ನೆನೆದರು. ಅಪ್ಪ ತೆಗೆಯದೆ ಬಿಟ್ಟ ಎಕ್ಸ್‌ರೇಗಳ ಬಗ್ಗೆ ಯಾರೂ ಹೇಳಲಿಲ್ಲ. ಕೊನೆಗೆ ಒಬ್ಬ ಹಳೆಯ ಆಯಾ ಎದ್ದು ನಿಂತು, "ನಮ್ಮನ್ನ ಒಂದಿನಾನೂ ಲೈಟ್ ಹತ್ತಿದಾಗ ಒಳಗೆ ಬಿಟ್ಟೋರಲ್ಲ ಇವರು" ಅಂದರು. ಅಪ್ಪನ ಕಣ್ಣು ತುಂಬಿದ್ದು ಆಗಲೇ.

ನಾಲ್ಕು ಗಂಟೆ ಆಯಿತು. ಊರಲ್ಲಿ ರಾತ್ರಿ ಎಂಟೂವರೆ. ವಿಡಿಯೋ ಕಾಲ್ ಮಾಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಕಾಯುತ್ತಾ ಕೂತಿದ್ದರು. ಏನೂ ಮಾತಾಡದೆ ಫೋನನ್ನು ಕಲ್ಲಿನ ಕಡೆ ತಿರುಗಿಸಿದೆ.

"ಎಷ್ಟು ಹೆಸರು ಇದಾವೆ?"

"ಶುರುವಲ್ಲಿ 169 ಇತ್ತಂತೆ ಅಪ್ಪ. ಆಮೇಲೆ ಸೇರಿಸ್ತಾ ಹೋದ್ರು. 1959ರ ಹೊತ್ತಿಗೆ 359."

"ನಿಧಾನಕ್ಕೆ ತೋರ್ಸು. ಮೇಲಿಂದ."

ಮೇಲಿನಿಂದ ತೋರಿಸಿದೆ. ಅಪ್ಪ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಒಂದೊಂದೇ ಹೆಸರು ಓದತೊಡಗಿದರು. ಜರ್ಮನ್ ಹೆಸರು, ಫ್ರೆಂಚ್ ಹೆಸರು, ಎಲ್ಲವನ್ನೂ ಹಾಸನದ ಉಚ್ಚಾರದಲ್ಲಿ. ಹಿಂದೆ ಅಮ್ಮ "ಊಟಕ್ಕೆ ಬನ್ನಿ, ಮುದ್ದೆ ಆರೋಗುತ್ತೆ" ಅಂತ ಕೂಗುತ್ತಿದ್ದರು. ಅಪ್ಪ ಕೈಯೆತ್ತಿ ತಾಳು ಅನ್ನುವಂತೆ ಸನ್ನೆ ಮಾಡಿದರು. ಇಲ್ಲಿ ಕತ್ತಲಾಗುತ್ತಾ ಬಂತು, ಅಕ್ಷರ ಮಸುಕಾಯಿತು. ಫೋನಿನ ಟಾರ್ಚ್ ಹಾಕಿ ಕಲ್ಲಿಗೆ ಹಿಡಿದೆ.

"ಹಾಂ, ಈಗ ಕಾಣ್ತದೆ" ಅಂದರು ಅಪ್ಪ. "ಆ ಸಾಲು ಬಿಟ್ಟು ಹೋಯ್ತು ನೋಡು ಪುಟ್ಟಿ, ಮತ್ತೆ ಮೇಲಿಂದ ಹಿಡಿ."