ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಒಂದು ಕ್ವಾಲಿಫಿಕೇಷನ್ನೇ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರ್ಗೆ ಕೇಳಿಸ್ತಾ ಇದ್ಯಾ? ಕೇಳ್ದೇ ಇರೋರು ಕೈ ಎತ್ತಿ ಅನ್ನೋದು ಬೇರೆ ಕಡೆ ಜೋಕು, ನಮ್ಮ ಫೀಲ್ಡಲ್ಲಿ ಅದಕ್ಕೆ ಸ್ಕ್ರೀನಿಂಗ್ ಅಂತೀವಿ.

ನಂಗೆ ಕೊಟ್ಟಿರೋ ಟಾಪಿಕ್ಕು "ಸ್ಪೀಚ್ ಥೆರಪಿ ಅಸಿಸ್ಟೆಂಟ್‌ಗಳ ಅರ್ಹತೆ ಮತ್ತು ತರಬೇತಿ". ಇನ್ವಿಟೇಷನ್ ಹಿಂದೆ ಐದು ಪಾಯಿಂಟ್ ಬರ್ಕೊಂಡು ಬಂದಿದೀನಿ. ನನ್ನ ಹಳೇ ಸ್ಟೂಡೆಂಟ್ಸ್ ಮೂರ್ನಾಲ್ಕು ಜನ ಕೂತಿದಾರೆ, ಆಗ್ಲೇ ನಗ್ತಿದಾರೆ, ಅವರ್ಗೆ ಗೊತ್ತು, ನಾನು ಎರಡು ಪಾಯಿಂಟ್ ದಾಟಿದ್ರೆ ಹೆಚ್ಚು.

ಹೋದ ವಾರ ಒಬ್ರು ತಾಯಿ ಫೋನ್ ಮಾಡಿದ್ರು. "ಸಾರ್, ನನ್ನ ಮಗಳು ಪಿಯುಸಿ ಮುಗ್ಸಿದಾಳೆ, ಆನ್‌ಲೈನಲ್ಲಿ ಮೂರು ತಿಂಗಳ ಕೋರ್ಸ್ ಇದೆಯಂತೆ, 18 ಸಾವಿರ, ಮುಗಿದ್ಮೇಲೆ ಸ್ಪೀಚ್ ಥೆರಪಿಸ್ಟ್ ಅಂತ ಬೋರ್ಡೇ ಹಾಕ್ಕೋಬೋದಂತೆ, ಸೇರಿಸ್ಲಾ?" ಅವರು ಕೇಳಿದ್ದು ಒಂದು ನಿಮಿಷದ ಪ್ರಶ್ನೆ, ನಾನು 40 ನಿಮಿಷ ಮಾತಾಡ್ದೆ, ಅಷ್ಟೊತ್ತಿಗೆ ನಾನು ನೋಡ್ಕೋತೀನಿ ಅಂತ ಒಪ್ಕೊಂಡಿದ್ದ ಹಾಲು ಉಕ್ಕಿ ಒಲೆಯೆಲ್ಲಾ ಆಗಿ ಮನೇಲಿ ಬೈಸ್ಕೊಂಡಿದ್ದೂ ಆಯ್ತು. ಇವತ್ತು ಹೇಳೋದು ಅದೇ 40 ನಿಮಿಷದ್ದು. ಹಾಲಿನ ವಿಷ್ಯ ಬಿಟ್ಟು.

ಮೊದ್ಲು ಕಾಗದದ ವಿಷ್ಯ ಮುಗಿಸ್ಬಿಡ್ತೀನಿ. ನಮ್ಮ ದೇಶದಲ್ಲಿ ಅಸಿಸ್ಟೆಂಟ್ ಆಗೋಕೆ ಇರೋ ದಾರಿ ಡಿಎಚ್‌ಎಲ್‌ಎಸ್, ಅಂದ್ರೆ ಡಿಪ್ಲೊಮಾ ಇನ್ ಹಿಯರಿಂಗ್, ಲ್ಯಾಂಗ್ವೇಜ್ ಅಂಡ್ ಸ್ಪೀಚ್. ಪಿಯುಸಿ ಸೈನ್ಸ್ ಆಗಿರ್ಬೇಕು, ಒಂದು ವರ್ಷದ ಕೋರ್ಸು, ಆರ್‌ಸಿಐ, ನಮ್ಮ ಪುನರ್ವಸತಿ ಪರಿಷತ್ತು, ಅದು ಒಪ್ಪಿರೋ ಜಾಗದಲ್ಲೇ ಓದ್ಬೇಕು. ಮೈಸೂರಲ್ಲಿ ಮಾನಸಗಂಗೋತ್ರಿ ಹತ್ರ ನಮ್ಮ ಆಯಿಷ್ ಇದೆಯಲ್ಲ, ವಾಕ್ ಶ್ರವಣ ಸಂಸ್ಥೆ, ಅಲ್ಲಿಂದ ವಿಡಿಯೋ ಕಾನ್ಫರೆನ್ಸಲ್ಲಿ ಪುದುಚೇರಿ, ಇಂಫಾಲ ತನಕ ಈ ಡಿಪ್ಲೊಮಾ ಕ್ಲಾಸ್ ತಗೊಂಡಿದಾರೆ. ಹಾಗಂತ ಅದನ್ನ ಆನ್‌ಲೈನ್ ಕೋರ್ಸ್ ಅಂದ್ಕೋಬೇಡಿ, ಪಾಠ ಮಾತ್ರ ಪರದೆ ಮೇಲೆ, ಪ್ರಾಕ್ಟಿಕಲ್ಲು ಅಲ್ಲಲ್ಲೇ ಆಸ್ಪತ್ರೇಲಿ, ಎದುರಿಗೆ ಪೇಷೆಂಟ್ ಕೂರಿಸ್ಕೊಂಡು. ಮಗು ಬಾಯೊಳಗೆ ನಾಲಿಗೆ ಎಲ್ಲೋಗ್ತಿದೆ ಅಂತ ಪಿಪಿಟಿ ನೋಡಿ ಕಲಿಯಕ್ಕಾಗಲ್ಲ. ಕೋರ್ಸ್ ಮುಗಿದ್ಮೇಲೆ ಆರ್‌ಸಿಐ ರಿಜಿಸ್ಟರಲ್ಲಿ ಹೆಸರು ಬರ್ಬೇಕು. 1992ರ ಕಾಯ್ದೆ, 13ನೇ ಸೆಕ್ಷನ್ನು, ಹೆಸರು ಇಲ್ದೆ ಪ್ರಾಕ್ಟೀಸ್ ಮಾಡಿದ್ರೆ ಒಂದು ವರ್ಷದ ತನಕ ಜೈಲು, ಇಲ್ಲಾ 1000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಸಾವಿರ ರೂಪಾಯಿ! ಬೋರ್ಡ್ ಬರೆಸೋಕೇ ಅದಕ್ಕಿಂತ ಜಾಸ್ತಿ ಆಗುತ್ತೆ.

ಥೆರಪಿಸ್ಟ್ ಅನ್ನಿಸ್ಕೋಬೇಕು ಅಂದ್ರೆ ಬಿಎಎಸ್‌ಎಲ್‌ಪಿ, ಅಂದ್ರೆ ಕಿವಿ ಮತ್ತು ಮಾತಿನ ತೊಂದ್ರೆಗಳ ಬಗ್ಗೆ ಇರೋ ಡಿಗ್ರಿ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ, ಆಮೇಲೆ ಬೇಕಿದ್ರೆ ಎಂಎಸ್ಸಿ ಎರಡು ವರ್ಷ. ಒಂದು ವರ್ಷಕ್ಕೂ ನಾಲ್ಕು ವರ್ಷಕ್ಕೂ ಇರೋ ವ್ಯತ್ಯಾಸ ಬುದ್ಧಿವಂತಿಕೆದಲ್ಲ. ಏನಪ್ಪಾ ಹಾಗಾದ್ರೆ ಅಂದ್ರೆ, ಒಂದು ಕಥೆ ಹೇಳ್ತೀನಿ. ಕೇಳಿರೋರು ಇನ್ನೊಂದ್ಸಲ ಕೇಳಿ, ತೊಂದ್ರೆ ಇಲ್ಲ.

ತುಂಬಾ ವರ್ಷದ ಹಿಂದೆ, ನಾನು ಕ್ಲಿನಿಕ್ಕಲ್ಲಿ ಸೂಪರ್‌ವೈಸರ್ ಆಗಿದ್ದಾಗ. ಐದು ವರ್ಷದ ಒಬ್ಬ ಹುಡುಗ, ಮಂಡ್ಯ ಕಡೆಯವನು, ಅಜ್ಜಿ ಕರ್ಕೊಂಡು ಬಂದಿದ್ರು, ಮಾತು ಸ್ಪಷ್ಟ ಇಲ್ಲ ಅಂತ. ಟೆಸ್ಟ್ ಮಾಡಿದ್ದು ಉತ್ತರ ಭಾರತದ ಒಬ್ಬ ಸ್ಟೂಡೆಂಟು, ಡಿಗ್ರಿ ಕೊನೇ ವರ್ಷ, ಬಹಳ ಶ್ರದ್ಧೆ ಹುಡುಗ, ಕನ್ನಡ ಕಲ್ತಿದ್ದ, ನಮ್ಮ ಪುಸ್ತಕದ ಕನ್ನಡ. ಚಿತ್ರ ತೋರ್ಸೋದು, ಮಗು ಹೆಸರು ಹೇಳೋದು, ಇವನು ಬರ್ಕೊಳ್ಳೋದು. ಹಸು ತೋರ್ಸಿದ, ಮಗು "ಅಸ" ಅಂತು. ಹಾವು ತೋರ್ಸಿದ, "ಆವು". ಹೂವು "ಊವು", ಹಣ್ಣು "ಅಣ್ಣು". ಹಲ್ಲಿ ತೋರ್ಸಿದ್ರೆ "ಅಲ್ಲಿ" ಅಂತು, ಇವನು ಪಾಪ ಎಲ್ಲಿ ಅಂತ ತಿರುಗಿ ಗೋಡೆ ನೋಡ್ದ. ಶೀಟ್ ತುಂಬಾ ಕೆಂಪಿಂಕು. ನನ್ನ ಹತ್ರ ತಂದು "ಸರ್, ಹಕಾರ ಪೂರ್ತಿ ಮಿಸ್ಸಿಂಗ್, ಥೆರಪಿ ಗೋಲ್ ಅದೇ ಇಡೋಣ್ವಾ" ಅಂದ.

ಆ ರೂಮಿನ ಬಾಗ್ಲಲ್ಲಿ ಆಟದ ಸಾಮಾನಿನ ಬುಟ್ಟಿ ಹಿಡ್ಕೊಂಡು ಒಂದು ಹುಡುಗಿ ನಿಂತಿದ್ಲು, ಡಿಪ್ಲೊಮಾ ಮಾಡ್ತಿದ್ದೋಳು, ಮಳವಳ್ಳಿ ಕಡೆಯೋಳು. ಬಾಯಿ ಬಿಟ್ರೆ ಎಲ್ಲಿ ಬೈತಾರೋ ಅಂತ ಹೆದರ್ಕೊಂಡೇ ಮೆತ್ತಗೆ ಅಂದ್ಲು: "ಸಾರ್, ಒಂದ್ ಮಾತು. ಇದು ತಪ್ಪಲ್ಲ ಸಾರ್. ನಮ್ ಕಡೆ ಎಲ್ರೂ ಹಿಂಗೇ ಅನ್ನೋದು." ನಾನು ಅಜ್ಜಿ ಕಡೆ ತಿರುಗಿ ಚಿತ್ರ ತೋರಿಸ್ದೆ, ಇದೇನಮ್ಮ ಅಂದೆ. ಅಜ್ಜಿ ನನ್ನ ಮೇಲಿಂದ ಕೆಳಗೆ ನೋಡಿ "ಅಸ ಕಣಪ್ಪ ಅಸ, ನಮ್ಮನೇಲಿ ಎರಡವೆ, ನೀನ್ ಅಸ ನೋಡಿಲ್ವಾ" ಅಂದ್ರು. ಡಾಕ್ಟ್ರಿಗೇ ಏನೋ ಆಗಿದೆ ಅನ್ನೋ ಥರ. ಮಗುಗೆ ಥೆರಪಿ ಕೊಡ್ಬೇಕಿದ್ರೆ ಅಜ್ಜಿಗೂ ಕೊಡ್ಬೇಕಿತ್ತು, ಆಮೇಲೆ ಅರ್ಧ ಜಿಲ್ಲೆಗೆ.

ನಗ್ಬೇಡಿ, ಕಥೆ ಇನ್ನೂ ಇದೆ, ಮುಖ್ಯವಾದ್ದು ಈಗ ಬರೋದು. ಆ ಹುಡುಗಿ ಅಲ್ಲಿಗೆ ನಿಲ್ಲಿಸ್ಲಿಲ್ಲ. "ಆದ್ರೆ ಸಾರ್, ಕಾಗೆ ಅನ್ನಕ್ಕೆ ತಾದೆ ಅಂತಾನೆ ನೋಡಿ, ಕೋಳಿಗೆ ತೋಳಿ ಅಂತಾನೆ, ಹಂಗೆ ನಮ್ಮೂರಲ್ಲಿ ಯಾರೂ ಅನ್ನಲ್ಲ" ಅಂದ್ಲು. ಶೀಟ್ ನೋಡಿದ್ರೆ ಅದೂ ಅಲ್ಲೇ ಇತ್ತು, ಹಕಾರದ ಕೆಂಪಿಂಕಲ್ಲಿ ಮುಚ್ಚೋಗಿತ್ತು. ಕಕಾರ ಗಕಾರ ಹೋಗಿ ತಕಾರ ದಕಾರ ಬರ್ತಿತ್ತು, ಐದು ವರ್ಷಕ್ಕೆ ಅದು ಇರ್ಬಾರ್ದು, ನಿಜವಾದ ಕೇಸು ಅದೇ. ನಂಗೆ ಖುಷಿ ಆಗೋಯ್ತು. ಸುಮ್ನೆ ಪರೀಕ್ಷೆ ಮಾಡೋಣ ಅಂತ "ಹಾಗಾದ್ರೆ ಏನು ಮಾಡೋಣ, ನೀನೇ ಹೇಳು" ಅಂದೆ.

ಅವಳು "ಅದು ನೀವ್ ಹೇಳ್ಬೇಕು ಸಾರ್" ಅಂದ್ಲು.

ಇದಕ್ಕೇ ನಾನು ಕಥೆ ಹೇಳಿದ್ದು. ಕೇಳಿಸ್ಕೊಂಡ್ಲು, ಗುರುತು ಹಿಡಿದ್ಲು, ಹೇಳಿದ್ಲು, ಮುಂದಕ್ಕೆ ನಂದಲ್ಲ ಅಂತ ನಿಂತ್ಲು. ಅದು ಹೆದರಿಕೆ ಅಲ್ಲ, ತರಬೇತಿ. ಯಾಕಂದ್ರೆ ಆಮೇಲೆ ಮಾಡ್ಬೇಕಾಗಿದ್ದು ಕಿವಿ ಟೆಸ್ಟು, ಅಂಗುಳ ಸರಿ ಇದೆಯಾ ಅಂತ ಬಾಯೊಳಗೆ ಟಾರ್ಚ್ ಹಾಕಿ ನೋಡೋದು, ಉಳಿದ ಭಾಷೆ ವಯಸ್ಸಿಗೆ ತಕ್ಕಂಗಿದೆಯಾ ಅಂತ ನೋಡೋದು, ಇದೆಲ್ಲಾ ಆದ್ಮೇಲೆ ಡಯಾಗ್ನೋಸಿಸ್ಸು, ಆಮೇಲೆ ಪ್ಲಾನು. ಅದು ನನ್ನ ಸಹಿ, ನನ್ನ ತಲೆನೋವು. ಪ್ಲಾನ್ ಆದ್ಮೇಲೆ ವಾರಕ್ಕೆ ಮೂರು ದಿನ ಥೆರಪಿ ಕೊಟ್ಟಿದ್ದು ಅವಳೇ. ಮಗು ತಲೆ ಸ್ವಲ್ಪ ಹಿಂದಕ್ಕೆ ಬಗ್ಗಿಸಿ ಒಂದು ಗುಟುಕು ನೀರು ಹಾಕಿ ಗಳಗಳ ಅಂತ ಮುಕ್ಕಳಿಸೋದು, ನಾಲಿಗೆ ಹಿಂಭಾಗ ಎಲ್ಲಿದೆ ಅಂತ ಅವನಿಗೇ ಗೊತ್ತಾಗ್ಬೇಕಲ್ಲ, ಅಲ್ಲಿಂದ ಗ, ಅಲ್ಲಿಂದ ಕ. ಅಂಗಿಯೆಲ್ಲಾ ಒದ್ದೆ. ಅವಳ ನೋಟ್‌ಬುಕ್ ನಂಗಿನ್ನೂ ನೆನಪಿದೆ: "ಇವತ್ತು 20ಕ್ಕೆ 7. ಕೋಳಿ ಬಂತು. ಕಾಗೆ ಬರ್ಲಿಲ್ಲ. ಮೂಗು ಕಟ್ಟಿತ್ತು." ಅಷ್ಟೇ. "ಮಗು ಚೆನ್ನಾಗಿ ಇಂಪ್ರೂವ್ ಆಗ್ತಿದೆ" ಅಂತ ಬರಿಯೋರ್ಗಿಂತ ಇದು ನೂರು ಪಾಲು ವಾಸಿ. ಎಣಿಸಿ ಬರಿಯೋದು ಅವಳ ಕೆಲ್ಸ, ಎಣಿಸಿದ್ದಕ್ಕೆ ಅರ್ಥ ಹೇಳೋದು ನನ್ನ ಕೆಲ್ಸ.

ಅಮೆರಿಕದಲ್ಲೂ ಹೆಚ್ಚು ಕಮ್ಮಿ ಇದೇ ಗೆರೆ. ಅಲ್ಲಿ ಅಸಿಸ್ಟೆಂಟ್‌ಗಳಿಗೆ ಎಸ್‌ಎಲ್‌ಪಿಎ, ಅಂದ್ರೆ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ ಅಸಿಸ್ಟೆಂಟ್ ಅಂತಾರೆ, ಅಲ್ಲಿನ ನಮ್ಮ ಫೀಲ್ಡಿನೋರ ಸಂಸ್ಥೆ ಹೆಸರು ಆಶಾ, ನಮ್ಮ ಆಶಾ ಕಾರ್ಯಕರ್ತೆಯರಲ್ಲ, ಆದ್ರೂ ಕೆಲ್ಸದಲ್ಲಿ ಸ್ವಲ್ಪ ನೆಂಟಸ್ತಿಕೆ ಇದೆ ಅನ್ಸುತ್ತೆ ನಂಗೆ. ಅವರು 2020ರಲ್ಲಿ ಅಸಿಸ್ಟೆಂಟ್‌ಗಳಿಗೇ ಅಂತ ಸರ್ಟಿಫಿಕೇಟ್ ಶುರು ಮಾಡಿದ್ರು. ಓದು ಬೇಕು, ಪರೀಕ್ಷೆ ಬೇಕು, ಅದರ ಜೊತೆ ಸೂಪರ್‌ವೈಸರ್ ಕೆಳಗೆ 100 ಗಂಟೆ ಕೆಲ್ಸ, ಅದ್ರಲ್ಲಿ 80 ಗಂಟೆ ನೇರವಾಗಿ ಪೇಷೆಂಟ್ ಜೊತೆ. ಮೇಲಿಂದ ಒಂದೊಂದು ರಾಜ್ಯದ ಲೈಸೆನ್ಸ್ ರೂಲು ಬೇರೆ. ಡಯಾಗ್ನೋಸಿಸ್ ಮಾಡ್ಬೇಡ, ಪ್ಲಾನ್ ನೀನಾಗೇ ಬದಲಾಯಿಸ್ಬೇಡ, ಥೆರಪಿಸ್ಟ್ ಅಂತ ಹೇಳ್ಕೋಬೇಡ. ಅಂದ್ರೆ ನಮ್ಮ ಮಳವಳ್ಳಿ ಹುಡುಗಿ ಅವತ್ತು ಬಾಗ್ಲಲ್ಲಿ ನಿಂತು ಮಾಡಿದ್ದನ್ನೇ ಅವರು ಪುಟಗಟ್ಲೆ ಬರ್ದಿದಾರೆ.

ಈಗ ಎರಡನೇ ಪಾಯಿಂಟು, ಇದು ನಗೋ ವಿಷ್ಯ ಅಲ್ಲ. ಊರು ಬೇಡ, ಸೆಂಟರ್ ಹೆಸರೂ ಬೇಡ. ಒಬ್ಬ ತಾಯಿ ಮೂರೂಮುಕ್ಕಾಲು ವರ್ಷದ ಹೆಣ್ಣುಮಗೂನ ಕರ್ಕೊಂಡು ಬಂದ್ರು, ಕೈಯಲ್ಲಿ 200 ಪೇಜಿನ ನೋಟ್‌ಬುಕ್ಕು. ಎಂಟು ತಿಂಗಳು ಥೆರಪಿ ಆಗಿದೆ. ಪ್ರತಿ ಪುಟದಲ್ಲಿ ಅಮ್ಮ, ಆನೆ, ಇಲಿ, ಚಿತ್ರ ಅಂಟ್ಸಿ, ದಿನಕ್ಕೆ ಹತ್ತು ಸಲ ಹೇಳಿಸ್ಬೇಕು ಅಂತ. ಮಗು ಒಂದೂ ಹೇಳ್ತಿಲ್ಲ. ನಾನು ಅವಳ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿದೆ, ಅಮ್ಮ ಬೆಚ್ಚಿದ್ರು, ಮಗು ಬಳಪ ಜೋಡಿಸ್ತಾ ಇತ್ತು. ತಟ್ಟೆ ಬಡಿಯೋದು ಟೆಸ್ಟ್ ಅಲ್ಲ, ಮಕ್ಕಳೇ, ಬರ್ಕೋಬೇಡಿ ಅದನ್ನ. ಸರಿಯಾಗಿ ಟೆಸ್ಟ್ ಮಾಡಿಸಿದ್ವಿ, ಎರಡೂ ಕಿವಿ ತೀವ್ರ ದೋಷ. ಎಂಟು ತಿಂಗಳು ಕೇಳಿಸ್ದೇ ಇರೋ ಮಗುಗೆ ಹೇಳು ಹೇಳು ಅಂದಿದಾರೆ. ಭಾಷೆ ಕಲಿಯೋ ವಯಸ್ಸಲ್ಲಿ ಎಂಟು ತಿಂಗಳು ಅಂದ್ರೆ ಏನು ಅಂತ ಈ ಹಾಲಲ್ಲಿ ಬಿಡಿಸಿ ಹೇಳ್ಬೇಕಾಗಿಲ್ಲ.

ನಂಗೆ ಸಿಟ್ಟು ಬಂತು, ಥೆರಪಿ ಕೊಟ್ಟ ಹುಡುಗಿ ನಂಬರ್ ಇಸ್ಕೊಂಡು ಫೋನ್ ಮಾಡ್ದೆ. ಡಿಪ್ಲೊಮಾ ಆದವಳೇ, ರಿಜಿಸ್ಟ್ರೇಷನ್ನೂ ಇದೆ. ಅವಳು ಅಳೋಕೆ ಶುರು ಮಾಡಿದ್ಲು. ಕಿವಿ ಟೆಸ್ಟ್ ಆಗ್ಲಿ ಅಂತ ಮೊದಲ್ನೇ ವಾರವೇ ಕೇಳಿದ್ಲಂತೆ, ಸೆಂಟರ್‌ನೋರು ಆಮೇಲೆ ನೋಡೋಣ, ಮೊದ್ಲು ಥೆರಪಿ ಶುರು ಮಾಡು ಅಂದ್ರಂತೆ. ಸೂಪರ್‌ವೈಸರ್ ಯಾರಮ್ಮ ಅಂದೆ. "ಕಾಗದದಲ್ಲಿ ಒಬ್ರಿದಾರೆ ಸಾರ್, ನಾನು ನೋಡಿಲ್ಲ" ಅಂದ್ಲು. ಬಾಗ್ಲಿಗೆ ಅವಳ ಹೆಸರಿನ ಮುಂದೆ ಥೆರಪಿಸ್ಟ್ ಅಂತ ಬೋರ್ಡ್ ಹಾಕ್ಸಿದ್ದೂ ಸೆಂಟರ್‌ನೋರೇ. ನೋಡಿ, ಇಬ್ರೂ ಹುಡುಗೀರದ್ದು ಒಂದೇ ಡಿಪ್ಲೊಮಾ, ಒಂದೇ ಸಿಲಬಸ್ಸು. ಮಳವಳ್ಳಿ ಹುಡುಗಿ "ನೀವ್ ಹೇಳ್ಬೇಕು ಸಾರ್" ಅಂದಾಗ ಎದುರಿಗೆ ಒಬ್ಬ ಸಾರ್ ಇದ್ದ. ಇವಳು ಯಾರಿಗೆ ಹೇಳ್ಬೇಕು? ಅದಕ್ಕೇ ನಾನು ಹೋದಲ್ಲಿ ಬಂದಲ್ಲಿ ಜಗಳ ಆಡೋದು, ಅಸಿಸ್ಟೆಂಟ್‌ಗೆ ಏನು ಅರ್ಹತೆ ಬೇಕು ಅಂತ ಕೇಳೋರು, ಅಸಿಸ್ಟೆಂಟ್ ಇಟ್ಕೊಳ್ಳೋರ್ಗೆ ಏನು ಅರ್ಹತೆ ಬೇಕು ಅಂತ್ಲೂ ಕೇಳ್ಬೇಕು. ವಾರಕ್ಕೊಂದ್ಸಲನಾದ್ರೂ ಪಕ್ಕದಲ್ಲಿ ಕೂತು ಥೆರಪಿ ನೋಡೋ ಥೆರಪಿಸ್ಟ್ ಇಲ್ದೇ ಇದ್ರೆ, ಅಲ್ಲಿ ಅಸಿಸ್ಟೆಂಟ್ ಅನ್ನೋ ಪೋಸ್ಟೇ ಇಲ್ಲ, ಒಬ್ಬಂಟಿ ಹುಡುಗಿ ಇದಾಳೆ ಅಷ್ಟೇ.

ಚೀಟಿ ಬಂತು, ಅಧ್ಯಕ್ಷರು ಐದು ನಿಮಿಷ ಅಂತ ಬರ್ದಿದಾರೆ, ಅವರ ಅಕ್ಷರ ನೋಡಿದ್ರೆ ಮೂರು ಅಂತಾನೂ ಓದ್ಬೋದು.

ಮೂರನೇ ಪಾಯಿಂಟು ಬೇಗ. ಅಸಿಸ್ಟೆಂಟ್‌ಗಳೇ ಬೇಡ ಅಂತ ನಾನು ಹೇಳ್ತಿದೀನಿ ಅಂದ್ಕೋಬೇಡಿ. 2011ರ ಜನಗಣತೀಲಿ ಕೇಳಿಸೋ ತೊಂದ್ರೆ ಅಂತ ಬರೆಸಿರೋರೇ 50 ಲಕ್ಷದ ಮೇಲಿದ್ರು, ಮಾತಿನ ತೊಂದ್ರೆ ಸುಮಾರು 20 ಲಕ್ಷ. ಎಂಎಸ್ಸಿ ಮಾಡಿದೋರು ಬೆಂಗಳೂರು ಬಿಟ್ಟು ಕದಲಲ್ಲ, ವಿಮಾನ ಹತ್ತೋಕಾದ್ರೆ ಮಾತ್ರ ಕದಲ್ತಾರೆ. ಕಿವುಡುತನ ತಡೆಯೋ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗೆ ಕಿವಿ ಟೆಸ್ಟ್ ಮಾಡೋ ಆಡಿಯೋಮೆಟ್ರಿಕ್ ಅಸಿಸ್ಟೆಂಟು, ಕೇಳಿಸದ ಮಕ್ಕಳಿಗೆ ಕಲಿಸೋ ಇನ್‌ಸ್ಟ್ರಕ್ಟರು ಅಂತ ಇಟ್ಟಿರೋದು ಇದಕ್ಕೇ. ಮಂಡ್ಯದ ಅಸನ ಹಸು ಅಂತ ಗುರುತು ಹಿಡಿಯೋರು ನಮಗೆ ಬೇಕೇ ಬೇಕು.

ನಾಲ್ಕನೇದು ಸಿಆರ್‌ಇ, ಅಂದ್ರೆ ಕೆಲ್ಸಕ್ಕೆ ಸೇರಿದ್ಮೇಲೂ ಮುಂದುವರಿಸೋ ಕಲಿಕೆ, ರಿಜಿಸ್ಟ್ರೇಷನ್ ರಿನ್ಯೂ ಮಾಡಿಸೋಕೆ ಕಲೀತಾ ಇರ್ಬೇಕು, ಊಟಕ್ಕೆ ಮಾತ್ರ ಸೆಮಿನಾರಿಗೆ ಬರ್ಬೇಡಿ, ಇವತ್ತು ಬಂದಿರೋರ್ಗೆ ಮಾಫಿ. ಐದನೇದು ಸಂಬಳ. ಅದನ್ನ ಮೈಕಲ್ಲಿ ಮಾತಾಡಿದ್ರೆ ನಂಗೆ ಬಿಪಿ ಜಾಸ್ತಿ ಆಗುತ್ತೆ, ಹೊರಗೆ ಕಾಫಿ ಹತ್ರ ಸಿಕ್ಕಿ.

ಆ ತಾಯಿ? ಮಗಳಿಗೆ ಆ ಕೋರ್ಸ್ ಬೇಡ ಅಂದೆ, ಡಿಪ್ಲೊಮಾ ಅಪ್ಲಿಕೇಷನ್ ಯಾವಾಗ ಕರೀತಾರೆ ಅಂತ ನೋಡಿ ಹೇಳ್ತೀನಿ ಅಂದಿದೀನಿ. ಅದಕ್ಕೆ ಅವರು "ಸಾರ್, ಆಗ್ಲೇ ಬೋರ್ಡ್ ಬರೆಯೋನ್ಗೆ ಅಡ್ವಾನ್ಸ್ ಕೊಟ್ಟಾಗಿದೆ" ಅಂದ್ರು. ಇರ್ಲಿ ಬಿಡಿ, ವಾಪಸ್ ಇಸ್ಕೊಳ್ಳಿ ಅಂದೆ. ಹೊಸ ಬ್ಯಾಚ್‌ನೋರು ಸೋಮವಾರ ಒಂಬತ್ತೂವರೆಗೆ ಕ್ಲಿನಿಕ್ಕಿಗೆ ಬನ್ನಿ, ರೂಲ್ಡ್ ನೋಟ್‌ಬುಕ್ ತನ್ನಿ, ಉಗುರು ಕತ್ತರಿಸ್ಕೊಂಡು ಬನ್ನಿ.