ಬ್ರಿಕ್ ಲೇನ್: ಬೇಗಲ್, ಬಣ್ಣ, ಬಾಡಿಗೆ

ಎಲ್ಲರಿಗೂ ನಮಸ್ಕಾರ.

ಪೂರ್ವ ಲಂಡನ್ನಿನಲ್ಲಿ ಬ್ರಿಕ್ ಲೇನ್ ಎಂಬ ಬೀದಿ ಇದೆ. ಅಗಲ ಕಮ್ಮಿ, ಜನ ಜಾಸ್ತಿ. ಹೊರಗಿನಿಂದ ಬಂದವರು ಅಲ್ಲಿ ತಿನ್ನುತ್ತಾರೆ, ಗೋಡೆ ಮೇಲಿನ ಚಿತ್ರಗಳ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಸುಮ್ನೆ ಅಡ್ಡಾಡುತ್ತಾರೆ. ನಾನೂ ಇವತ್ತು ತಿಂಡಿ, ಚಿತ್ರ, ನೋಟ ಎಂದೇ ಮಾತಾಡುತ್ತೇನೆ. ಆದರೆ ನಡುನಡುವೆ ಬಾಡಿಗೆಯ ವಿಷಯ ಬಂದೇ ಬರುತ್ತದೆ.

ಫೋರ್ನಿಯರ್ ಸ್ಟ್ರೀಟ್ ಬಂದು ಸೇರುವ ಮೂಲೆಯಲ್ಲಿ ಒಂದು ಕಟ್ಟಡವಿದೆ. 1743ರಲ್ಲಿ ಅದನ್ನು ಚರ್ಚಾಗಿ ಕಟ್ಟಿದವರು ಹ್ಯೂಗೆನೊಗಳು. ಫ್ರಾನ್ಸಿನಲ್ಲಿ ಧರ್ಮದ ಹೆಸರಿನ ಕಿರುಕುಳ ತಾಳಲಾರದೆ ಓಡಿಬಂದ ಪ್ರಾಟೆಸ್ಟೆಂಟರು ಇವರು. ಇವರಲ್ಲಿ ರೇಷ್ಮೆ ನೇಯುವವರು ಬಹಳ. ಅವರ ಆ ಚರ್ಚು 1819ರಲ್ಲಿ ಮೆಥಡಿಸ್ಟರು ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದ್ದಾಯಿತು. 19ನೇ ಶತಮಾನದ ಕೊನೆಗೆ ಯಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಮಸೀದಿಯಾಯಿತು. ಈಗಲೂ ಮಸೀದಿಯೇ.

ಇದನ್ನು ಸೌಹಾರ್ದದ ಕಥೆಯಾಗಿ ಹೇಳುವವರು ಬಹಳ. ನನಗೆ ಅದು ಅಗ್ಗದ ಬಾಡಿಗೆಯ ಕಥೆಯಾಗಿಯೂ ಕಾಣುತ್ತದೆ. ಹಡಗುಕಟ್ಟೆ ಹತ್ತಿರ, ಹಳೆಯ ನಗರದ ಗಡಿಯಿಂದ ಆಚೆ, ಕೋಣೆ ಅಗ್ಗ. ಬರಿಗೈಲಿ ಬಂದವರು ಇಲ್ಲಿ ಇಳಿದರು. ನಾಲ್ಕು ಕಾಸು ಕೂಡಿದ ಮೇಲೆ ಬೇರೆ ಕಡೆ ಮನೆ ಮಾಡಿದರು. ಅವರು ಬಿಟ್ಟ ಜಾಗಕ್ಕೆ ಮುಂದಿನವರು ಬಂದರು.

ಹೋದವರು ಅಡುಗೆ ಬಿಟ್ಟು ಹೋದರು. ಬೀದಿಯ ಉತ್ತರದ ತುದಿಯಲ್ಲಿ ಬೇಗಲ್ ಅಂಗಡಿ ಇದೆ. ಬೇಗಲ್ ಎಂದರೆ ನಡುವೆ ತೂತಿರುವ ಬ್ರೆಡ್. ಹಿಟ್ಟನ್ನು ಮೊದಲು ಕುದಿಯುವ ನೀರಿನಲ್ಲಿ ಬೇಯಿಸಿ ಆಮೇಲೆ ಓವನ್ನಿಗೆ ಹಾಕುತ್ತಾರೆ. ಅದಕ್ಕೇ ಮೇಲುಗಡೆ ಹೊಳಪು, ಒಳಗೆ ಜಗಿಯುವ ಹದ. ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ತಿಂಡಿ ಇದು. ಬೇಗಲ್ ಬೇಕ್ ಎಂಬ ಅಂಗಡಿ 1974ರಿಂದ ಇದೆ, ಹಗಲೂ ರಾತ್ರಿ ತೆರೆದೇ ಇರುತ್ತದೆ. ಹೆಸರುವಾಸಿ ಆಗಿರುವುದು ಉಪ್ಪಿನಲ್ಲಿ ನೆನೆಸಿ ಬೇಯಿಸಿದ ದನದ ಮಾಂಸ, ಸಾಸಿವೆ, ಉಪ್ಪಿನಕಾಯಿ ಸೌತೆ ಇಟ್ಟು ಕೊಡುವ ಬೇಗಲ್. ಮಾಂಸ ತಿನ್ನದವರಿಗೆ ಕ್ರೀಮ್ ಚೀಸ್ ಹಚ್ಚಿದ್ದು ಸಿಗುತ್ತದೆ, ಚಿಂತೆ ಬೇಡ.

ದಕ್ಷಿಣಕ್ಕೆ ನಡೆದರೆ ಕರಿ ಹೋಟೆಲುಗಳು ಶುರು. ಇವುಗಳಿಗೆ ‘ಇಂಡಿಯನ್’ ಎಂಬ ಬೋರ್ಡು ಇರುತ್ತದೆ, ಆದರೆ ನಡೆಸುವವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಬ್ರಿಟಿಷರ ಹಡಗುಗಳಲ್ಲಿ ಕೆಲಸ ಮಾಡಿ ಇಲ್ಲಿ ಇಳಿದುಕೊಂಡವರು ಮೊದಲಿಗರು. ಆಮೇಲೆ ಬಂದವರು ಬಟ್ಟೆ ಹೊಲಿದರು. ಹೊಲಿಗೆ ಕೆಲಸ ಕಮ್ಮಿಯಾದಾಗ ಹೋಟೆಲು ಹೆಚ್ಚಿದವು. ಅಡುಗೆಮನೆಯ ಗುಟ್ಟು ಒಂದಿದೆ. ದೊಡ್ಡ ಪಾತ್ರೆಯಲ್ಲಿ ಈರುಳ್ಳಿ ಜಾಸ್ತಿ ಹಾಕಿದ ಒಂದು ಗ್ರೇವಿ ಬೆಳಗ್ಗೆಯೇ ರೆಡಿ ಇರುತ್ತದೆ. ಆರ್ಡರ್ ಬಂದಂತೆ ಕ್ರೀಮ್ ಸೇರಿಸಿದರೆ ಕೊರ್ಮಾ, ಖಾರ ಏರಿಸಿದರೆ ಮದ್ರಾಸ್, ಇನ್ನೂ ಏರಿಸಿದರೆ ವಿಂದಾಲೂ. ಇಂಗ್ಲಿಷರ ನಾಲಿಗೆ ನೋಡಿ ಕಟ್ಟಿದ ಮೆನು. ಹೋಟೆಲಿನವರು ತಮ್ಮ ಮನೆಯಲ್ಲಿ ಉಣ್ಣುವುದು ಒಣಮೀನು, ಶಾತ್ಕೊರಾ ಎಂಬ ಒಗರು ನಿಂಬೆಯ ಸಾರು. ಅದು ಸಿಗುವ ಕಡೆ ಕೇಳಿ ತಿನ್ನಿ, ಮದ್ರಾಸ್ ಕರಿಗಾಗಿ ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ?

ಈ ಜನ ಇಲ್ಲಿ ನೆಲೆ ನಿಂತದ್ದು ಸುಲಭವಾಗಿ ಅಲ್ಲ. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ಯುವಕನನ್ನು ಕೆಲಸದಿಂದ ಮನೆಗೆ ಹೋಗುವಾಗ ಜನಾಂಗ ದ್ವೇಷಕ್ಕೆ ಕೊಂದರು. ಅವನೂ ಬಟ್ಟೆ ಕೆಲಸದವನು. ಹತ್ತು ದಿನಗಳ ಮೇಲೆ ಸಾವಿರಾರು ಬಂಗಾಳಿಗಳು ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ನಿವಾಸದವರೆಗೆ ನಡೆದರು. ಹತ್ತಿರದ ಪಾರ್ಕಿಗೆ ಈಗ ಅವನ ಹೆಸರಿದೆ. ಕರಿ ತಿನ್ನಲು ಹೋದವರು ಆ ಪಾರ್ಕಿಗೂ ಹೋಗಿ ಬನ್ನಿ.

ಬಂಗಾಳಿಗಳ ಹೋಟೆಲುಗಳೂ ಈಗ ಕಮ್ಮಿಯಾಗುತ್ತಿವೆ. ಜನಾಂಗ ಸಮಾನತೆಗಾಗಿ ಕೆಲಸ ಮಾಡುವ ರನ್ನಿಮೀಡ್ ಟ್ರಸ್ಟ್ ಎಂಬ ಸಂಸ್ಥೆ 2020ರಲ್ಲಿ ಹೊರತಂದ ವರದಿಯ ಪ್ರಕಾರ, 2000ರ ದಶಕದ ನಡುವೆ ಬ್ರಿಕ್ ಲೇನಿನಲ್ಲಿ 60 ಕರಿ ಹೋಟೆಲುಗಳಿದ್ದವು, 2020ರ ಹೊತ್ತಿಗೆ ಉಳಿದದ್ದು 23. ಬಾಡಿಗೆ ಒಂದೇ ಕಾರಣವಲ್ಲ, ನಿಜ. ವೀಸಾ ನಿಯಮದಿಂದ ಅಡುಗೆಯವರು ಸಿಗುತ್ತಿಲ್ಲ. ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ. ಅಪ್ಪನಂತೆ ಮಧ್ಯರಾತ್ರಿವರೆಗೆ ಒಲೆ ಮುಂದೆ ನಿಲ್ಲಲು ಅವರಿಗೆ ಇಷ್ಟವಿಲ್ಲ, ತಪ್ಪೇನೂ ಇಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಹಿಂದಿನವರು ಕಾಸು ಕೂಡಿದ ಮೇಲೆ ಹೋದರು. ಇವರಲ್ಲಿ ಎಷ್ಟೋ ಮಂದಿ ಕಾಸು ಸಾಲದೆ ಹೋಗುತ್ತಿದ್ದಾರೆ. ಖಾಲಿಯಾದ ಜಾಗಕ್ಕೆ ಈಗ ಬರಿಗೈಲಿ ಬಂದವರು ಬರಲಾರರು.

ಇನ್ನು ಗೋಡೆಗಳು. ಹ್ಯಾನ್ಬರಿ ಸ್ಟ್ರೀಟಿನ ಒಂದು ಗೋಡೆಯ ತುಂಬ ರೋಆ ಎಂಬ ಬೆಲ್ಜಿಯಂ ಕಲಾವಿದ ಬರೆದ ಕೊಕ್ಕರೆ ಇದೆ, ಕಪ್ಪು ಬಿಳುಪಿನಲ್ಲಿ, ಗರಿ ಗರಿ ಎಣಿಸುವ ಹಾಗೆ. ಅವನು ಶುರು ಮಾಡಿದ್ದು ಹೆರಾನ್ ಎಂಬ ಬೇರೆ ಹಕ್ಕಿಯನ್ನಂತೆ. ಬಂಗಾಳಿಗಳಿಗೆ ಪ್ರಿಯವಾದ ಹಕ್ಕಿ ಇದೇನಾ ಎಂದು ಕೆಲವರು ಬಂದು ಕೇಳಿದ ಮೇಲೆ, ಅವರಿಗಾಗಿ ಬದಲಾಯಿಸಿದನಂತೆ. ಪಕ್ಕದ ಪ್ರಿನ್ಸ್‌ಲೆಟ್ ಸ್ಟ್ರೀಟಿನಲ್ಲಿ ಸ್ಟಿಕ್ ಎಂಬಾತ 2010ರಲ್ಲಿ ಬರೆದ ಜೋಡಿ ಇದೆ. ಬರೀ ಗೆರೆಗಳ ಇಬ್ಬರು, ಒಬ್ಬಳು ಬುರ್ಖಾ ತೊಟ್ಟಿದ್ದಾಳೆ, ಕೈ ಕೈ ಹಿಡಿದಿದ್ದಾರೆ. ನನಗೆ ಕೊಕ್ಕರೆಗಿಂತ ಇದೇ ಇಷ್ಟ.

ಉಳಿದ ಗೋಡೆಗಳ ಆಯಸ್ಸು ಕಡಿಮೆ. 2023ರ ಆಗಸ್ಟಿನಲ್ಲಿ ಕೆಲವು ಚೀನೀ ವಿದ್ಯಾರ್ಥಿಗಳು ಒಂದು ಉದ್ದ ಗೋಡೆಗೆ ಬಿಳಿ ಬಳಿದು, ಚೀನಾ ಸರ್ಕಾರದ 12 ಸಮಾಜವಾದಿ ಮೌಲ್ಯಗಳನ್ನು ಕೆಂಪಕ್ಷರದಲ್ಲಿ ಬರೆದರು. ಅಡಿಯಲ್ಲಿ ಬೇರೆಯವರ ಚಿತ್ರಗಳು ಮುಚ್ಚಿಹೋದವು. ತಡವಿಲ್ಲದೆ ಅದರ ಮೇಲೆ ವಿರೋಧದ ಬರಹ ಬಂತು, ಅದಕ್ಕೆ ಉತ್ತರ ಬಂತು. ಕೊನೆಗೆ ಸ್ಥಳೀಯ ಆಡಳಿತವಾದ ಕೌನ್ಸಿಲಿನವರು ಎಲ್ಲದರ ಮೇಲೂ ಬಣ್ಣ ಹೊಡೆದರು.

ಮಾಲೀಕರ ಒಪ್ಪಿಗೆ ಇಲ್ಲದೆ ಬರೆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಅದು ಅಪರಾಧ. ಒಪ್ಪಿಗೆ ಇದ್ದರೆ ಅದೇ ಬಣ್ಣ ಆಕರ್ಷಣೆ. ಈಗೀಗ ಕಂಪನಿಗಳು ಗೋಡೆ ಬಾಡಿಗೆಗೆ ಹಿಡಿದು ಕೈಯಲ್ಲೇ ಜಾಹೀರಾತು ಬರೆಸುತ್ತವೆ. ದೂರದಿಂದ ಕಲೆ, ಹತ್ತಿರ ಹೋದರೆ ಶೂ ಹೆಸರು. ಬೀದಿಗೆ ಹೆಸರು ತಂದ ಚಿತ್ರಗಳೇ ಗೋಡೆಯ ಬೆಲೆ ಏರಿಸಿದವು, ಬೆಲೆ ಏರಿದ ಮೇಲೆ ಗೋಡೆ ಚಿತ್ರಕಾರರ ಕೈಗೆ ಸಿಗದಾಯಿತು.

ನೋಟಕ್ಕೆ ಮಸೀದಿಯ ಮೂಲೆಯೇ ಸಾಕು. ಫೋರ್ನಿಯರ್ ಸ್ಟ್ರೀಟಿನ ಕಡೆ ತಿರುಗಿ ನಿಲ್ಲಿ. ಇಟ್ಟಿಗೆ ಮನೆಗಳು, ಅಟ್ಟದಲ್ಲಿ ಅಗಲ ಕಿಟಕಿಗಳು. ಮಗ್ಗಕ್ಕೆ ಬೆಳಕು ಬೇಕಲ್ಲ, ಅದಕ್ಕೆ. ಬೀದಿಯ ಆ ತುದಿಯಲ್ಲಿ ಹಾಕ್ಸ್‌ಮೂರ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಕ್ರೈಸ್ಟ್ ಚರ್ಚಿನ ಗೋಪುರ, 1729ರಲ್ಲಿ ಮುಗಿದದ್ದು. ಅದರಾಚೆ ಬ್ಯಾಂಕುಗಳ ಗಾಜಿನ ಕಟ್ಟಡಗಳು. ಈ ಮನೆಗಳನ್ನು 1970ರ ದಶಕದಲ್ಲಿ ಯಾರೂ ಕೇಳುತ್ತಿರಲಿಲ್ಲ, ಒಳಗೆ ಬಂಗಾಳಿಗಳ ಹೊಲಿಗೆ ಕೋಣೆಗಳಿದ್ದವು. ಹೋರಾಟ ಮಾಡಿ ಈ ಬಡಾವಣೆಯ ಹಳೆಯ ಮನೆಗಳನ್ನು ಉಳಿಸಿದರು. ಒಳ್ಳೆಯ ಕೆಲಸ. ಉಳಿದ ಮನೆಗಳು ಈಗ ಸಾಹುಕಾರರಿಗೆ ಮಾತ್ರ.

ಹಳೆಯ ಟ್ರೂಮನ್ ಬಿಯರ್ ಕಾರ್ಖಾನೆಯ ಜಾಗದಲ್ಲೂ ಇದೇ ಜಗಳ. ಅಲ್ಲೀಗ ವಾರಾಂತ್ಯದ ಸಂತೆ, ಹಳೆ ಬಟ್ಟೆ ಅಂಗಡಿಗಳು. ಆಫೀಸು ಮತ್ತು ಅಂಗಡಿಗಳ ಹೊಸ ಕಟ್ಟಡಕ್ಕೆ 2021ರಲ್ಲಿ ಕೌನ್ಸಿಲ್ ಸಮಿತಿ ಒಪ್ಪಿತು. ಸಾವಿರಾರು ಆಕ್ಷೇಪಣೆ ಬಂದಿದ್ದವು, ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಎತ್ತರದಿಂದ ನೋಡುವ ಆಸೆ ಇದ್ದರೆ 22 ಬಿಷಪ್ಸ್‌ಗೇಟ್ ಕಟ್ಟಡದ 58ನೇ ಮಹಡಿಗೆ ಹೋಗಿ. 2023ರಲ್ಲಿ ಸಾರ್ವಜನಿಕರಿಗೆ ತೆರೆದರು, ಟಿಕೆಟ್ ಉಚಿತ, ಆದರೆ ಮೊದಲೇ ಬುಕ್ ಮಾಡಬೇಕು. ಪೂರ್ವದ ಕಿಟಕಿಯಲ್ಲಿ ಬ್ರಿಕ್ ಲೇನ್ ಹುಡುಕಿ. ಮೊದಲು ಬೀದಿ ನಡೆದು, ಆಮೇಲೆ ಮೇಲೆ ಹೋಗುವುದು ಒಳ್ಳೆಯದು, ಇಲ್ಲದಿದ್ದರೆ ಯಾವ ಚಾವಣಿ ಯಾರದ್ದು ಅಂತ ಗೊತ್ತಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗಳು.